ಸಪ್ತಾಪುರದ ಝೆರಾಕ್ಸ್ ಅಂಗಡ್ಯಾಗ ಮಾಡ್ಸಿದ ಕನ್ನಡ ಕತಿ ಪುಸ್ತಕ, ನಾಲ್ಕು ಸ್ಟಾರ್

ಇದು ಅಂಗಡ್ಯಾಗ ರೆಡಿ ಸಿಗೋ ಮಾಲಲ್ರಿ, ಮೊದಲ ಹೇಳಿಬಿಡ್ತೀನಿ. ಸ್ಟೋರಿವೀವರ್ ಅಂತ ವೆಬ್‌ಸೈಟ್ ಐತಿ, ಮಕ್ಕಳ ಪುಸ್ತಕ ತರೋ ಪ್ರಥಮ್ ಬುಕ್ಸ್‌ನವರು 2015ರಾಗ ಸುರು ಮಾಡಿದ್ದು, ಅದರಾಗಿನ ಕನ್ನಡ ಕತಿ ಪಿಡಿಎಫ್ ಇಳಿಸ್ಕೊಂಡು, ಧಾರವಾಡ ಸಪ್ತಾಪುರದಾಗ ಕೋಚಿಂಗ್ ಕ್ಲಾಸಿನ ಹುಡುಗರಿಗೆ ನೋಟ್ಸ್ ಹಾಕಿಕೊಡೋ ಒಂದು ಅಂಗಡಿಗೆ ಹೋಗಿ ಕಲರ್ ಪ್ರಿಂಟ್ ತಗಿಸಿ ಸ್ಪೈರಲ್ ಹಾಕ್ಸಿದ್ದು. ಕತಿ ಪುಕ್ಕಟೆ, ರೊಕ್ಕ ಹೋಗೂದು ಬರೇ ಪ್ರಿಂಟಿಗೆ. ಇದು ಕಳ್ಳತನ ಅಲ್ಲೇನು ಅಂತ ನಮ್ಮ ಮನಿಯವರು ಕೇಳಿದ್ರು, ಅಲ್ರಿ, ಅಲ್ಲಿನ ಕತಿಗೋಳು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಾಗ ಅದಾವ, ಅಂದ್ರ ಬರದವರ ಹೆಸರು, ಚಿತ್ರ ತಗದವರ ಹೆಸರು ಇರೋ ಹಾಳಿ ಹಂಗ ಇಟ್ಕೊಂಡು ಪ್ರಿಂಟ್ ಹಾಕ್ಸಬಹುದು.

ಯಾಕ ಇಷ್ಟೆಲ್ಲಾ ಮಾಡಬೇಕಾತು ಅಂದ್ರ ನಮ್ಮ ಹುಡುಗ ತಡಾ ಮಾತಾಡೋ ಕೂಸು. ಎರಡು ವರ್ಷಕ್ಕ ಸುಮಾರು 50 ಶಬ್ದ, ಮತ್ತ ಹಾಲು ಬೇಕು, ಅಪ್ಪ ಬಾ ಅಂತ ಎರಡೆರಡು ಶಬ್ದ ಜೋಡಿಸಿ ಹೇಳೋದು ಬಂದೈತೇನು ಅಂತ ನೋಡ್ತಾರ, ಇವ ಅವ್ವ, ನೀ ಅಂದ್ರ ನೀರು, ಭೂ ಅಂದ್ರ ಗಾಡಿ, ಮುಗೀತು. ಮನ್ಯಾಗ ಒಬ್ರು ಅವರಪ್ಪನೂ ಹಿಂಗ ಇದ್ದ ಬಿಡ್ರಿ ಅನ್ನಾವ್ರು, ಇನ್ನೊಬ್ರು ಬಜಿ ತೇದು ನಾಲಿಗಿಗೆ ಹಚ್ರಿ ಅನ್ನಾವ್ರು. ನಾವು ಮೊದಲ ಕಿವಿ ಟೆಸ್ಟ್ ಮಾಡ್ಸಿದ್ವಿ, ಕಿವಿ ಛಲೋ ಅದಾವು. ಆಮ್ಯಾಲೆ ಸ್ಪೀಚ್ ಥೆರಪಿ ಮೇಡಂ ಅವರು ದಿನಾ ಮನ್ಯಾಗ ಪುಸ್ತಕ ಹಿಡ್ಕೊಂಡು ಕೂಡ್ರಿ, ಆದ್ರ ಪರೀಕ್ಷಾ ಮಾಡಬ್ಯಾಡ್ರಿ ಅಂದ್ರು. ಇದು ಏನು, ಇದು ಏನು, ಹೇಳು, ಹೇಳು ಅಂತ ಕೂಸಿನ ಬೆನ್ನು ಹತ್ತಬ್ಯಾಡ್ರಿ, ಅಂವ ಯಾವುದಕ್ಕ ಬೆರಳು ಇಡ್ತಾನೋ ಅದನ್ನ ನೀವ ಹೇಳ್ರಿ ಅಂತ.

ಪುಸ್ತಕ ಎಲ್ಲಿ ತರೋಣು? ಮಕ್ಕಳ ಸಲುವಾಗಿ ಇರೋ ಸರ್ಕಾರದ ಬಾಲವಿಕಾಸ ಅಕಾಡೆಮಿ ಇರೋ ಊರು ನಮ್ದು, ಕಲ್ಲು ಒಗದ್ರ ಒಬ್ಬ ಕವಿ ಮನಿ ಮ್ಯಾಲೆ ಬೀಳತೈತಿ ಅಂತಾರ, ಆದ್ರ ಎರಡು ವರ್ಷದ ಕೂಸಿಗೆ ಕನ್ನಡದಾಗ ಗಟ್ಟಿ ರಟ್ಟಿನ ಪುಸ್ತಕ ಕೊಡ್ರಿ ಅಂದ್ರ ಅಂಗಡ್ಯಾಗ ಎಬಿಸಿಡಿ ತಗದು ಮುಂದ ಇಡ್ತಾರ. ಆನ್‌ಲೈನ್‌ನಾಗ ಒಂದು ಕನ್ನಡ ಫ್ಲ್ಯಾಶ್ ಕಾರ್ಡ್ ಸೆಟ್ ತರ್ಸಿದ್ವಿ, ಕಂಪನಿ ಹೆಸರು ಬ್ಯಾಡ, ಅದರಾಗ ಇಗ್ಲೂ ಐತಿ, ಯಾಕ್ ಅನ್ನೋ ಪ್ರಾಣಿ ಐತಿ, ಕುದುರಿಗೆ ಕುದೂರೆ ಅಂತ ಅಚ್ಚಾಗೈತಿ. ಅಂವ ಅವನ್ನ ತಗೊಂಡು ಸೋಫಾದ ಸಂದ್ಯಾಗ ಒಂದೊಂದ ತುರುಕಿದ, ಅದಕ್ಕಷ್ಟ ಉಪಯೋಗ ಆದ್ವು.

ಸ್ಟೋರಿವೀವರ್‌ನಾಗ ಕತಿಗೋಳು ಲೆವೆಲ್ ಪ್ರಕಾರ ಅದಾವು, ಸಣ್ಣಾವ್ರಿಗೆ ಲೆವೆಲ್ ಒಂದು ನೋಡ್ರಿ. ಯಾರು ಬೇಕಾದ್ರೂ ಅನುವಾದ ಮಾಡಿ ಹಾಕಬಹುದಾದ ಜಾಗಾ ಅದು, ಹಂಗಾಗಿ ಪ್ರಿಂಟಿಗೆ ಕೊಡೂಕಿಂತ ಮೊದಲ ನೀವು ಒಂದು ಸಲ ಜೋರಾಗಿ ಓದಿ ನೋಡ್ಕೋರಿ, ಬಾಯಿಗೆ ಸಲೀಸ ಬರ್ತೈತಿ ಅಂದ್ರ ತಗೋರಿ. ನನಗ ಕೆಲಸಕ್ಕ ಬಂದದ್ದು ಒಂದು ಪುಟಕ್ಕ ಒಂದ ಚಿತ್ರ, ಒಂದ ಸಾಲು, ಅದ ಮಾತು ತಿರುಗಿ ತಿರುಗಿ ಬರೋವು, ಸಪ್ಪಳ ಇರೋವು. ನೀತಿ ಹೇಳೋ ಕತಿ ಅಂತೂ ಬ್ಯಾಡ ಬ್ಯಾಡ. ಮತ್ತ ಬರದದ್ದನ್ನ ಬರದಂಗ ಓದಬೇಕು ಅಂತೇನಿಲ್ಲ, ಬೀಳುತ್ತಿದೆ ಅಂತ ಇದ್ರ ನಾ ಬೀಳಾಕತ್ತೈತಿ ಅಂತನ ಓದೂದು, ಮನ್ಯಾಗ ಯಾರೂ ಮಾತಾಡದ ಕನ್ನಡಾ ಕೂಸಿಗೆ ಯಾಕ.

ಒಂದು ಕತಿಯಾಗ ಗಿಡದಿಂದ ಹಣ್ಣು ಬೀಳೋ ಪುಟ ಐತಿ. ನಾ ದಿನಾ ಅಲ್ಲೆ ಬಂದು ಧಪ್ ಅಂತ ಅವನ ತೊಡಿ ಮ್ಯಾಲೆ ಕೈ ಬಡೀತಿದ್ದೆ. ಒಂದಿನ ಹಣ್ಣು ಬಿತ್ತು ಅಂತ ಹೇಳಿ ಸುಮ್ನ ಕುಂತೆ, ಕೈ ಮ್ಯಾಲ ಎತ್ತಿ ಹಿಡದೀನಿ, ಬಾಯಿ ಬಿಚ್ಚಿಲ್ಲ. ಅಂವ ನನ್ನ ಕೈ ನೋಡಿದ, ಪುಟ ನೋಡಿದ, ಮಾರಿ ನೋಡಿದ, ತುಟಿ ಎರಡೂ ಕೂಡ್ಸಿ ಒತ್ತಿ ಹಿಡಕೊಂಡು ಒಮ್ಮೆಲೆ ದಪ್ ಅಂದ, ಅಂದು ತಾನ ನಕ್ಕ, ತಾನ ಪುಟ ಹಿಂದ ತಿರುವಿದ, ಮತ್ತ ದಪ್, ಮತ್ತ ತಿರುವಿದ, ಕುಕ್ಕರ್ ಸೀಟಿ ಹೊಡ್ಕೋತ ಇತ್ತು, ನಾ ಏಳಲಿಲ್ಲ. ಈಗ ಮುಂಜಾನೆ ಹಾಸಿಗ್ಯಾಗಿಂದ ಎದ್ದಾಂವನ ಪುಸ್ತಕ ಎಳ್ಕೊಂಡು ಬಂದು ಬೆನ್ನು ತಿರುಗಿಸಿ ನನ್ನ ತೊಡಿಮ್ಯಾಲೆ ಕೂಡ್ತಾನ, ಓ ಓ ಅಂತಾನ, ಓದು ಅಂತ ಅರ್ಥ. ಮಾತು ಒಮ್ಮೆಲೆ ಬಂದಬಿಡ್ತು ಅಂತ ಅಲ್ರಿ, ಥೆರಪಿ ನಡದೈತಿ. ಆದ್ರ ಶಬ್ದ ಒಂದೊಂದ ಕೂಡಾಕತ್ತಾವು, ಅರ್ಧಕ್ಕರ್ಧ ಪುಸ್ತಕದಾಗಿನವ.

ಫೋನ್‌ನಾಗ ತೋರ್ಸಿದ್ರ ಪ್ರಿಂಟಿನ ಖರ್ಚ ಉಳೀತಿತ್ತಲ್ಲ ಅಂತ ಮಂದಿ ಕೇಳ್ತಾರ. ಎರಡು ವರ್ಷದೊಳಗ ಸ್ಕ್ರೀನ್ ಬ್ಯಾಡ, ಆಮ್ಯಾಲೆ ಐದು ವರ್ಷದ ತನಕ ದಿನಕ್ಕ ಒಂದು ತಾಸು ದಾಟಬಾರದು ಅಂತ ಮಕ್ಕಳ ಡಾಕ್ಟರ್ ಸಂಘದವರ ಹೇಳ್ಯಾರ. ಅದು ಬಿಡ್ರಿ, ಫೋನ್ ಕೈಯಾಗ ಬಂತು ಅಂದ್ರ ಅಂವ ಕತಿ ಸರಿಸಿ ಕಾರ್ಟೂನ್ ಹುಡುಕ್ತಾನ.

ಈಗ ನಾ ಕಡಿಮಿ ಕೊಟ್ಟ ಆ ಒಂದು ಸ್ಟಾರಿನ ಮಾತು. ಅಂಗಡಿಯಾವ್ರು ಹೇಳದಿದ್ರ ನೋಟ್ಸಿನ ತೆಳು ಹಾಳಿಗೇ ಹಾಕಿಬಿಡ್ತಾರ, ನಮ್ಮ ಮೊದಲ್ನೇದ್ದು ಎರಡ ದಿನದಾಗ ಹರದು ಹೋತು. ದಪ್ಪ ಆರ್ಟ್ ಹಾಳಿ ಅಂತ ಕೇಳ್ರಿ, ಒಂದು ಪುಟಕ್ಕ ಹತ್ತು ರೂಪಾಯಿ ಹೆಚ್ಚು ಬೀಳತೈತಿ, ಬೀಳಲಿ. ಲ್ಯಾಮಿನೇಷನ್ ನನಗ ಸೇರಲಿಲ್ಲ, ಟ್ಯೂಬ್‌ಲೈಟ್ ಬೆಳಕಿಗೆ ಪುಟ ಹೊಳೀತೈತಿ, ಚಿತ್ರ ಕಾಣಂಗಿಲ್ಲ, ಮೂಲಿ ಬ್ಯಾರೆ ಚೂಪು, ಮಾಡ್ಸಿದ್ರ ಮೂಲಿ ದುಂಡಗ ಕತ್ತರಸ್ರಿ. ಸ್ಪೈರಲ್ ವಯರಿನ ತುದಿ ಎರಡೂ ಕಡೆ ಒಳಗ ಮಡಚಿಸ್ಕೋರಿ, ಇವ ಅದನ್ನ ಬಿಚ್ಚಿ ಬಾಯಾಗ ಇಟ್ಕೊಂಡಿದ್ದ. ಇದನ್ನ ಹೇಳಿದ್ರ ಅಂಗಡಿ ಹುಡುಗ, ಅಕ್ಕಾರ, ಕೆಎಎಸ್ ಓದಾವ್ರು ಯಾರೂ ತುದಿ ತಿನ್ನಂಗಿಲ್ರಿ ಅಂದ, ನಗಿ ಬಂತು, ಆದ್ರ ಮಡಚಿ ಕೊಟ್ಟ.

ಸಂಜೀಕ ಹೋಗಬ್ಯಾಡ್ರಿ, ಕ್ಲಾಸ್ ಬಿಟ್ಟ ಹುಡುಗರ ಗದ್ಲ ಇರ್ತೈತಿ, ಕಲರ್ ಮಷೀನ್ ಹತ್ರ ನಿಲ್ಲಾಕ ಜಾಗಾ ಸಿಗಂಗಿಲ್ಲ. ಮುಂಜಾನೆ ಹೋಗ್ರಿ, ಫೈಲ್ ಪೆನ್‌ಡ್ರೈವ್‌ನಾಗ ಇರ್ಲಿ, ಒಂದು ಪುಟ ಮೊದಲ ತಗಿಸಿ ಬಣ್ಣ ನೋಡ್ಕೊಂಡು ಉಳದದ್ದು ಹಾಕ್ರಿ ಅನ್ರಿ.