ಇಬ್ಬರಿಗೂ ಒಬ್ಬರೇ ವಕೀಲರು ಸಾಕು ಎನ್ನುವ ಮುನ್ನ

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಸಿದ್ಧರಾಗುತ್ತಿರುವವರು, ಅದರಲ್ಲೂ ಎದುರು ಪಕ್ಷದವರು ಗೊತ್ತುಮಾಡಿದ ವಕೀಲರೇ ತಮ್ಮ ಕಾಗದಪತ್ರಗಳನ್ನೂ ನೋಡಿಕೊಳ್ಳುತ್ತಾರೆಂದು ನಿಶ್ಚಿಂತೆಯಿಂದ ಇರುವವರು, ಸಹಿ ಹಾಕುವ ಮೊದಲು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಇದು ನನ್ನ ತಂಗಿಗೆ ಆದ ಅನುಭವ. ಅವಳ ಅನುಮತಿ ಪಡೆದೇ ಹೇಳುತ್ತಿದ್ದೇನೆ.

ಗಂಡ ಹೆಂಡಿರಿಬ್ಬರಿಗೂ ಬೇರೆಯಾಗುವುದು ಬೇಕಾಗಿತ್ತು. ಗಂಡನ ಮನೆಯವರಿಗೆ ಪರಿಚಯವಿದ್ದ ವಕೀಲರೊಬ್ಬರು ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಜಂಟಿ ಅರ್ಜಿಯನ್ನೂ ರಾಜಿಪತ್ರವನ್ನೂ ತಯಾರಿಸಿದರು. ‘ತಕರಾರೇ ಇಲ್ಲದ ಮೇಲೆ ಇನ್ನೊಬ್ಬ ವಕೀಲರೇಕೆ, ಸುಮ್ಮನೆ ದುಡ್ಡು ದಂಡ’ ಎಂಬ ಮಾತು ಎರಡೂ ಮನೆಯ ಹಿರಿಯರಿಗೆ ಹಿಡಿಸಿತು. ಆ ವಕೀಲರು ಮೋಸ ಮಾಡಿದರೆಂದು ನಾನು ಹೇಳಲಾರೆ. ತಮ್ಮನ್ನು ಕರೆಸಿದವರ ಹಿತಕ್ಕೆ ಏನು ಬೇಕೋ ಅದನ್ನು ಅವರು ಚೆನ್ನಾಗಿಯೇ ಬರೆದರು; ತಂಗಿಯ ಹಿತಕ್ಕೆ ಏನು ಬೇಕೆಂದು ಕೇಳುವವರು ಮಾತ್ರ ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ಮನೆ ಸಾಲದಿಂದ. ಮನೆ ಇಬ್ಬರ ಹೆಸರಿನಲ್ಲಿತ್ತು, ಸಾಲವೂ ಇಬ್ಬರ ಹೆಸರಿನಲ್ಲಿತ್ತು. ಮನೆಯ ಮೇಲಿನ ಹಕ್ಕನ್ನು ಅವಳು ಬಿಟ್ಟುಕೊಡುವುದು, ಉಳಿದ ಕಂತುಗಳನ್ನು ಅವನು ಕಟ್ಟುವುದು ಎಂದು ರಾಜಿಪತ್ರದಲ್ಲಿ ಬರೆಯಲಾಗಿತ್ತು. ಓದಿದರೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಆ ಒಪ್ಪಂದಕ್ಕೆ ಬ್ಯಾಂಕು ಪಕ್ಷಕಾರನಲ್ಲ. ಸಾಲಪತ್ರಕ್ಕೆ ಸಹಿ ಹಾಕಿದ ಇಬ್ಬರೂ ಪೂರ್ತಿ ಬಾಕಿಗೆ ಹೊಣೆಗಾರರಾಗಿಯೇ ಉಳಿಯುತ್ತಾರೆ. ಡಿಕ್ರಿಯಾದ, ಅಂದರೆ ನ್ಯಾಯಾಲಯ ವಿಚ್ಛೇದನದ ಆದೇಶ ಕೊಟ್ಟ, ಕೆಲವು ಕಾಲದ ಮೇಲೆ ಅವನು ಕಂತು ನಿಲ್ಲಿಸಿದಾಗ ನೋಟಿಸು ಇವಳಿಗೂ ಬಂತು, ಕ್ರೆಡಿಟ್ ಸ್ಕೋರು ಕುಸಿಯಿತು, ಹೊಸದಾಗಿ ಸಾಲ ಹುಟ್ಟದಂತಾಯಿತು. ಹಕ್ಕು ಹೋದ ಮನೆಯ ಸಾಲ ಮಾತ್ರ ಹೆಗಲ ಮೇಲೆ ಉಳಿಯಿತು. ಸಾಲವನ್ನು ಗಂಡನೊಬ್ಬನ ಹೆಸರಿಗೆ ಬದಲಿಸಿ ಬ್ಯಾಂಕಿನಿಂದ ಋಣಮುಕ್ತಿ ಪತ್ರ ತಂದುಕೊಟ್ಟ ನಂತರವೇ ಹಕ್ಕು ಬಿಡುಗಡೆ ಮಾಡಲಾಗುವುದು ಎಂಬ ಒಂದು ಷರತ್ತು ಸಾಕಿತ್ತು ಎಂದು ಆಮೇಲೆ ನೋಡಿದ ವಕೀಲರು, ಕಾಗದವನ್ನು ಒಮ್ಮೆ ಓದುತ್ತಲೇ ಹೇಳಿದರು.

ಜೀವನಾಂಶದ ಎರಡನೆಯ ಕಂತನ್ನು ‘ಡಿಕ್ರಿಯ ನಂತರ’ ಕೊಡುವುದಾಗಿ ಬರೆದಿತ್ತು, ಆದರೆ ಅದಕ್ಕೆ ದಿನಾಂಕವಿರಲಿಲ್ಲ. ಮಗುವಿನ ತಿಂಗಳ ಖರ್ಚಿಗೆ ಒಂದು ಮೊತ್ತವಿತ್ತು, ಆದರೆ ವರ್ಷ ಕಳೆದಂತೆ ಅದು ಹೆಚ್ಚುವ ಮಾತಾಗಲಿ ಶಾಲೆಯ ಶುಲ್ಕದ ಮಾತಾಗಲಿ ಇರಲಿಲ್ಲ. ಮಗುವಿಗಾಗಿ ಹೆಚ್ಚಿನ ಮೊತ್ತ ಕೇಳುವ ದಾರಿ ಮುಚ್ಚಿಲ್ಲವಾದರೂ ಅದಕ್ಕಾಗಿ ಮತ್ತೆ ಅರ್ಜಿ, ಮತ್ತೆ ಅಲೆದಾಟ.

ಮೇಲ್ಮನವಿ ಹಾಕಬಹುದಲ್ಲ ಎಂದು ಕೇಳಿದವರಿದ್ದಾರೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 19ನೇ ಕಲಮಿನ ಪ್ರಕಾರ, ಇಬ್ಬರ ಒಪ್ಪಿಗೆಯಿಂದ ಆದ ಡಿಕ್ರಿಗೆ ಮೇಲ್ಮನವಿ ಇಲ್ಲ. ವಂಚನೆಯಾಗಿದೆ ಎಂದು ತೋರಿಸಬಹುದು. ಆದರೆ ಓದಿ, ಸಹಿ ಹಾಕಿ, ನ್ಯಾಯಾಧೀಶರ ಮುಂದೆ ಸ್ವಇಚ್ಛೆಯಿಂದ ಒಪ್ಪಿದ್ದೇನೆ ಎಂದವಳು ಅದನ್ನು ತೋರಿಸುವುದು ಹೇಗೆ? ನ್ಯಾಯಾಧೀಶರು ಮುಖ್ಯವಾಗಿ ನೋಡುವುದು ಒಪ್ಪಿಗೆಯ ಹಿಂದೆ ಬಲವಂತವಿದೆಯೇ ಎಂಬುದನ್ನು. ವ್ಯವಹಾರದಲ್ಲಿ ನಿಮಗೆ ನಷ್ಟವಿದೆಯೇ ಎಂದು ಸಾಲು ಸಾಲಾಗಿ ಲೆಕ್ಕ ಹಾಕಿಕೊಡುವುದು ಅವರ ಕೆಲಸವಲ್ಲ.

ಕಾನೂನು ಯೋಚಿಸಲು ಕಾಲ ಕೊಡುತ್ತದೆ. ಅರ್ಜಿ ಹಾಕಿದ 6 ತಿಂಗಳ ನಂತರ, 18 ತಿಂಗಳೊಳಗೆ ಇಬ್ಬರೂ ಮತ್ತೆ ಕೋರಿಕೆ ಸಲ್ಲಿಸಬೇಕು. ಡಿಕ್ರಿ ಆಗುವವರೆಗೂ ಒಬ್ಬರು ಒಪ್ಪಿಗೆ ಹಿಂತೆಗೆದುಕೊಳ್ಳಬಹುದೆಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ. ಆದರೆ ತಕ್ಕ ಪ್ರಕರಣಗಳಲ್ಲಿ ಆ 6 ತಿಂಗಳನ್ನು ಮನ್ನಾ ಮಾಡಬಹುದೆಂದು ಅದೇ ನ್ಯಾಯಾಲಯ 2017ರಲ್ಲಿ ತೀರ್ಪು ಕೊಟ್ಟಿರುವುದರಿಂದ, ಬೇಗ ಮುಗಿಯಲೆಂದು ಮನ್ನಾ ಅರ್ಜಿಯನ್ನೂ ಜೊತೆಗೇ ಹಾಕುವುದುಂಟು. ತಂಗಿಯ ವಿಷಯದಲ್ಲೂ ಹಾಗೆಯೇ ಆಯಿತು. ಅವಸರ ಯಾರದೆಂದು ಆಗಲೇ ಕೇಳಬೇಕಿತ್ತೆಂಬುದು ನನ್ನ ಅಭಿಪ್ರಾಯ.

ಕೌಟುಂಬಿಕ ನ್ಯಾಯಾಲಯಕ್ಕೆ ವಕೀಲರೇ ಬೇಡ ಎನ್ನುವವರು ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಮನ್ನು ಉಲ್ಲೇಖಿಸುತ್ತಾರೆ. ವಕೀಲರ ಮೂಲಕ ವಾದಿಸುವುದು ಅಲ್ಲಿ ಹಕ್ಕಲ್ಲ ಎಂಬುದು ನಿಜ. ಆದರೆ ಸಲಹೆ ಪಡೆಯಬಾರದೆಂದಾಗಲಿ ಕರಡನ್ನು ಬೇರೆಯವರಿಗೆ ತೋರಿಸಬಾರದೆಂದಾಗಲಿ ಅದು ಹೇಳುವುದಿಲ್ಲ. ಮಕ್ಕಳಿಲ್ಲದ, ಜಂಟಿ ಸಾಲ ಅಥವಾ ಆಸ್ತಿ ಇಲ್ಲದ, ಇಬ್ಬರೂ ದುಡಿಯುವ ದಂಪತಿಗೆ ಒಬ್ಬರೇ ವಕೀಲರು ಅರ್ಜಿ ಬರೆದುಕೊಟ್ಟರೆ ಸಾಕಾಗಬಹುದು. ಮಕ್ಕಳು, ಜಂಟಿ ಸಾಲ, ಜಂಟಿ ಆಸ್ತಿ ಈ ಮೂರರಲ್ಲಿ ಒಂದಿದ್ದರೂ, ಪೂರ್ತಿ ಪ್ರಕರಣಕ್ಕೆ ವಕಾಲತ್ತು ಕೊಡದಿದ್ದರೂ ಚಿಂತೆಯಿಲ್ಲ, ಎದುರು ಪಕ್ಷಕ್ಕೆ ಸಂಬಂಧವಿಲ್ಲದ ವಕೀಲರೊಬ್ಬರಿಗೆ ಶುಲ್ಕ ಕೊಟ್ಟು ರಾಜಿಪತ್ರದ ಕರಡನ್ನು ಓದಿಸಿ.

ಹಣವಿಲ್ಲವೆಂದು ಹಿಂಜರಿಯುವ ಹೆಣ್ಣುಮಕ್ಕಳು, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಆದಾಯ ಎಷ್ಟೇ ಇದ್ದರೂ ತಮಗೆ ಉಚಿತ ಕಾನೂನು ನೆರವಿನ ಹಕ್ಕಿದೆ ಎಂಬುದನ್ನು ತಿಳಿದಿರಲಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ತಾಲ್ಲೂಕು ಸಮಿತಿಯಲ್ಲಿ ವಿಚಾರಿಸಬಹುದು, 15100 ಸಹಾಯವಾಣಿಗೆ ಕರೆ ಮಾಡಬಹುದು. ಖಾಸಗಿ ವಕೀಲರನ್ನೇ ನೇಮಿಸಿಕೊಳ್ಳುವುದಾದರೆ ಶುಲ್ಕವನ್ನು ಮೊದಲೇ ಬರಹದಲ್ಲಿ ಕೇಳಿ. ಬರುವ ಜೀವನಾಂಶದಲ್ಲಿ ಇಂತಿಷ್ಟು ಪಾಲು ಎನ್ನುವವರಿದ್ದರೆ, ಅಂಥ ಕರಾರನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ.