ಮೇಲ್-ಇನ್-ಎ-ಬಾಕ್ಸ್: ಬದಿಯಡ್ಕದಲ್ಲಿ ಕೂತು ಹಾಕಿ ನೋಡಿದ್ದು

ಮಾವನ ಅಡಿಕೆ ಅಂಗಡಿಗೆ ಸ್ವಂತ ಡೊಮೇನಿನ ಇಮೇಲ್ ಬೇಕಿತ್ತು. ದುಡ್ಡು ಕೊಟ್ಟರೆ ಐದು ನಿಮಿಷದ ಕೆಲಸ, ಆದ್ರೆ ನನಗೆ ಕಲಿಯುವ ಹುಚ್ಚು. ಮೇಲ್-ಇನ್-ಎ-ಬಾಕ್ಸ್ ಅಂದರೆ ನಮ್ಮದೇ ಮೇಲ್ ಸರ್ವರ್ ನಡೆಸಲು ಇರುವ ಉಚಿತ ತಂತ್ರಾಂಶ. ಉಬುಂಟು 22.04 (ಲಿನಕ್ಸಿನ ಒಂದು ಆವೃತ್ತಿ) ಇರುವ ಖಾಲಿ ಸರ್ವರ್ ಕೊಟ್ಟರೆ ಒಂದೇ ಕಮಾಂಡಿಗೆ ಮೇಲ್ ಕಳಿಸಿ ತರಿಸುವ ಪೋಸ್ಟ್‌ಫಿಕ್ಸ್, ಬಂದದ್ದನ್ನು ಓದಲು ಕೊಡುವ ಡವ್‌ಕಾಟ್, ಬ್ರೌಸರಲ್ಲೇ ಮೇಲ್ ನೋಡುವ ವೆಬ್‌ಮೇಲ್ ಎಲ್ಲ ತಾನೇ ಕೂರಿಸಿ, ಮೇಲ್ ನಿಜಕ್ಕೂ ನಮ್ಮ ಡೊಮೇನಿನದ್ದೇ ಅಂತ ತೋರಿಸುವ ಎಸ್‌ಪಿಎಫ್, ಡಿಕೆಐಎಂ ದಾಖಲೆಗಳನ್ನೂ ಬರೆದಿಡುತ್ತದೆ. ನನಗೆ ಹಿಡಿಸಿದ್ದು ಅದರ ಸ್ಟೇಟಸ್ ಪುಟ. ಸರಿ ಇದ್ದರೆ ಹಸಿರು, ತಪ್ಪಿದ್ದರೆ ಕೆಂಪು, ಏನು ಮಾಡಬೇಕು ಅಂತಲೂ ಪಕ್ಕದಲ್ಲೇ ಬರೆದಿರುತ್ತದೆ.

ಕಷ್ಟ ಬಂದದ್ದು ಸರ್ವರ್ ಬಾಡಿಗೆ ಕೊಟ್ಟವರಿಂದ. ಮೇಲ್ ಬರುತ್ತಿತ್ತು, ಹೋಗುತ್ತಿರಲಿಲ್ಲ. ಮೇಲ್‌ಕ್ಯೂ ಅಂತ ಟೈಪ್ ಮಾಡಿದರೆ ಕಳಿಸಿದ್ದೆಲ್ಲ ಅಲ್ಲೇ ಸಾಲಾಗಿ ಕೂತಿದೆ, ಪ್ರತಿಯೊಂದರ ಕೆಳಗೂ 'ಕನೆಕ್ಷನ್ ಟೈಮ್ಡ್ ಔಟ್'. ಸ್ಪ್ಯಾಮ್ ಹೆದರಿಕೆಗೆ ಬೇರೆ ಸರ್ವರಿಗೆ ಮೇಲ್ ಹೊರಹೋಗುವ ಬಾಗಿಲು, ಅಂದರೆ 25ನೇ ಪೋರ್ಟ್, ಮುಚ್ಚಿಟ್ಟಿದ್ದರು! ಕೊಳ್ಳುವ ಮೊದಲು ಇದನ್ನು ಕೇಳಲೇಬೇಕು, ಜೊತೆಗೆ ರಿವರ್ಸ್ ಡಿಎನ್‌ಎಸ್ (ಸರ್ವರಿನ ಐಪಿ ವಿಳಾಸದಿಂದ ಅದರ ಹೆಸರು ತಿಳಿಸುವ ದಾಖಲೆ) ಬದಲಿಸಲು ಬಿಡುತ್ತಾರಾ ಅಂತಲೂ. ಅವರ ಸಹಾಯ ವಿಭಾಗಕ್ಕೆ ಟಿಕೆಟ್ ಹಾಕಿ ಎರಡು ದಿನ ಕಾದ ಮೇಲೆ ತೆರೆದರು, ಆದರೂ ಮಾವ ಕಳಿಸಿದ ಮೊದಲ ಮೇಲ್ ಜಿಮೇಲಿನ ಸ್ಪ್ಯಾಮಿಗೇ ಬಿತ್ತು. "ಇದಕ್ಕಿಂತ ಪೋಸ್ಟ್ ಕಾರ್ಡೇ ವಾಸಿ ಮಾರಾಯ" ಅಂದರು.

ಹೊಸಬರು ಮೊದಲ ಸಲ ಕಳಿಸಿದ ಮೇಲ್ ಸ್ವಲ್ಪ ತಡವಾಗಿ ಬರುತ್ತದೆ. ಅದು ಗ್ರೇಲಿಸ್ಟಿಂಗ್, ಅಂದರೆ ಸ್ಪ್ಯಾಮ್ ತಡೆಯಲು ಅಪರಿಚಿತರ ಮೇಲನ್ನು ಮೊದಲು ವಾಪಸ್ ಕಳಿಸಿ, ಮತ್ತೆ ಬಂದಾಗ ತೆಗೆದುಕೊಳ್ಳುವ ಉಪಾಯ, ಗಾಬರಿ ಬೇಡ. ಪೋಸ್ಟ್‌ಫಿಕ್ಸಿನ ಸೆಟ್ಟಿಂಗ್ ಫೈಲನ್ನು ಸುಮ್ನೆ ಕೆದಕಬೇಡಿ, ಮುಂದಿನ ಅಪ್‌ಡೇಟಿನಲ್ಲಿ ನಿಮ್ಮ ಬದಲಾವಣೆ ಅಳಿಸಿಹೋಗಬಹುದು. ಮತ್ತೆ, ಇದನ್ನು ಮನೆಯ ಕಂಪ್ಯೂಟರಲ್ಲಿ ಇಡುವ ಯೋಚನೆ ಬಿಡಿ, ನಮ್ಮ ಮಳೆಗಾಲದ ಕರೆಂಟ್ ಗೊತ್ತಲ್ವಾ? ಐದಕ್ಕೆ ನಾಲ್ಕು ಕೊಡ್ತೇನೆ.