ಘಟ್ಟ ಹತ್ತುವ ಟರ್ಬೊ ಪಿಕಪ್‌ಗೆ ಮೋಟುಲ್ 8100 ಎಕ್ಸ್-ಕ್ಲೀನ್ 5ಡಬ್ಲ್ಯು-40

ಶಿರಸಿಯಲ್ಲಿ ಪಿಕಪ್ ಇಟ್ಟುಕೊಂಡವರಿಗೆ ದೇವಿಮನೆ ಘಟ್ಟ ತಪ್ಪಿದ್ದಲ್ಲ. ನಮ್ಮದು ಬಿಎಸ್6 ಟರ್ಬೊ ಡೀಸೆಲ್. ಅಡಿಕೆ ಸೀಸನ್‌ನಲ್ಲಿ ಅಡಿಕೆ ಮಾರುವ ಸಹಕಾರಿ ಸಂಘ ಟಿಎಸ್‌ಎಸ್‌ಗೆ ಓಡಾಟ. ಉಳಿದಂತೆ ಕುಮಟಾಕ್ಕೆ ಇಳಿದು ಸಿಮೆಂಟೋ ಹೆಂಚೋ ಹೇರಿಕೊಂಡು ವಾಪಸ್ ಹತ್ತುವುದು. ವಾರಂಟಿ ಮುಗಿದ ಮೇಲೆ ಮೋಟುಲ್‌ನ ಇದೇ ಎಂಜಿನ್ ಆಯಿಲ್ ಹಾಕಿಸುತ್ತಾ ಬಂದಿದ್ದೇನೆ. ಹಲವು ಮಳೆಗಾಲ ಕಳೆದಿವೆ, ತುಂಬಾ ಖುಷಿ ಇದೆ. ಸರ್ವಿಸ್‌ಗಳ ನಡುವೆ ಟಾಪ್‌ಅಪ್ ಬೇಕಾಗಿಲ್ಲ.

ಡಬ್ಬದ ಹಿಂದೆ ಸಣ್ಣಕ್ಷರದಲ್ಲಿ ‘ಎಸಿಇಎ ಸಿ3’ ಅಂತ ಯುರೋಪಿನ ವಾಹನ ತಯಾರಕರ ದರ್ಜೆ ಇದೆ ನೋಡಿ, ನಾನು ಇದನ್ನು ಆರಿಸಿದ್ದು ಅದಕ್ಕೇ. ನಮ್ಮ ಗಾಡಿಯ ಮ್ಯಾನುಯಲ್ ಕೇಳುವುದೂ ಅದನ್ನೇ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಡಿಪಿಎಫ್. ಅದರಲ್ಲಿ ಕೂತ ಮಸಿ ರೀಜನರೇಶನ್ ಆದಾಗ, ಅಂದರೆ ಗಾಡಿ ತಾನೇ ಫಿಲ್ಟರನ್ನು ಕಾಯಿಸಿದಾಗ, ಸುಟ್ಟುಹೋಗುತ್ತದೆ. ಆಯಿಲ್‌ನ ಬೂದಿ ಸುಡುವುದಿಲ್ಲ, ಅಲ್ಲೇ ಉಳಿದು ಫಿಲ್ಟರ್ ಕಟ್ಟಿಸುತ್ತದೆ. ಸಿ3 ಆಯಿಲ್‌ನಲ್ಲಿ ಬೂದಿ ಶೇ 0.8 ದಾಟುವಂತಿಲ್ಲ. ಜೊತೆಗೆ ಬಿಸಿಯಲ್ಲಿ, ಒತ್ತಡದಲ್ಲಿ ತೆಳುವಾಗದೆ ನಿಲ್ಲುವ ಶಕ್ತಿ 3.5 ಮಿಲಿಪಾಸ್ಕಲ್-ಸೆಕೆಂಡ್ ಆದರೂ ಇರಲೇಬೇಕು. ಇದೇ ಸಾಲಿನ ಸಿ2 ದರ್ಜೆಗೆ 2.9 ಸಾಕು. ಲೋಡ್ ಹಾಕಿ ಸೆಕೆಂಡ್ ಗೇರಿನಲ್ಲಿ ಘಟ್ಟ ಹತ್ತುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಒಂದು ಅಂಗಡಿಯಲ್ಲಿ 15ಡಬ್ಲ್ಯು-40 ಸಿಐ-4 ಡಬ್ಬ ಮುಂದಿಟ್ಟು, ‘ಇದೂ ಡೀಸೆಲ್ಲಿಗೇ, ತಗೊಳ್ಳಿ’ ಅಂದರು. ಹಳೇ ಗಾಡಿಗೆ ಸರಿ, ಆ ದರ್ಜೆಯಲ್ಲಿ ಬೂದಿ ಜಾಸ್ತಿ, ಡಿಪಿಎಫ್ ಇರುವ ಗಾಡಿಗೆ ಬೇಡ. ಹುಡುಗರು ಅಮೆರಿಕದ ಪಿಕಪ್ ರ‍್ಯಾಮ್ ಟಿಆರ್‌ಎಕ್ಸ್ ವಿಡಿಯೋ ನೋಡಿ 0ಡಬ್ಲ್ಯು-40 ಕೇಳುತ್ತಾರೆ. ಅದು 6.2 ಲೀಟರಿನ ಪೆಟ್ರೋಲ್ ವಿ8. ಅದರಲ್ಲಿ ಎಂಜಿನ್ನಿಗೆ ಗಾಳಿ ಒತ್ತುವ ಸೂಪರ್‌ಚಾರ್ಜರ್ ತಿರುಗುವುದು ಎಂಜಿನ್ನಿನ ಬೆಲ್ಟಿನಿಂದ. ನಮ್ಮ ಟರ್ಬೊ ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯಿಂದಲೇ ತಿರುಗುತ್ತದೆ, ನಿಮಿಷಕ್ಕೆ ಲಕ್ಷ ಸುತ್ತಿಗೂ ಜಾಸ್ತಿ. ಆ ಶಾಫ್ಟನ್ನು ಹಿಡಿದಿರುವುದು ಆಯಿಲ್‌ನ ತೆಳು ಪದರ ಅಷ್ಟೇ. ಇನ್ನು ಚಳಿ ಅಂತೀರಾ, ಡಬ್ಲ್ಯುಗೆ ಮುಂಚಿನ ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಆಯಿಲ್ ಸಲೀಸಾಗಿ ಹರಿಯುತ್ತದೆ ನಿಜ, ಆದರೆ ಶಿರಸಿಯ ಚಳಿಗೆ 5ಡಬ್ಲ್ಯು ಧಾರಾಳವಾಯ್ತು.

ಘಟ್ಟ ಹತ್ತಿ ಬಂದವರು ದೇವಿಮನೆ ದೇವಸ್ಥಾನದ ಎದುರು ನಿಲ್ಲಿಸಿ ತಕ್ಷಣ ಕೀ ತಿರುಗಿಸಿ ಇಳಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಂಜಿನ್ ನಿಂತರೆ ಆಯಿಲ್ ಹರಿಯುವುದೂ ನಿಂತಿತು. ಕಾದ ಟರ್ಬೊದಲ್ಲಿ ಉಳಿದದ್ದು ಅಲ್ಲೇ ಸುಟ್ಟು ಕರಿಯಾಗಿ ಅಂಟಿಕೊಳ್ಳುತ್ತದೆ. ಸಿಂಥೆಟಿಕ್ ಆಯಿಲ್ ಇದನ್ನು ಮಿನರಲ್‌ಗಿಂತ ಚೆನ್ನಾಗಿ ತಡೆಯುತ್ತದೆ, ಪೂರ್ತಿ ಅಲ್ಲ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ.

ಪೇಟೆಯೊಳಗೇ ಸುತ್ತುವ ವಾರಗಳಲ್ಲಿ ಡಿಪ್‌ಸ್ಟಿಕ್ ತೆಗೆದು ನೋಡುತ್ತಿರಿ. ರೀಜನರೇಶನ್ ಅರ್ಧಕ್ಕೆ ನಿಂತರೆ ಡೀಸೆಲ್ ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ಮಟ್ಟ ಮೇಲಿನ ಗೆರೆ ದಾಟಿ, ಬೆರಳಿಗೆ ನೀರು ನೀರಾಗಿ ಡೀಸೆಲ್ ವಾಸನೆ ಬಂದರೆ ಕಿಲೋಮೀಟರ್ ಲೆಕ್ಕ ಬಿಟ್ಟು ಬದಲಿಸಿಬಿಡಿ. ಬರೀ ಕಪ್ಪಾಗಿದ್ದರೆ ಚಿಂತೆ ಬೇಡ, ಡೀಸೆಲ್ ಗಾಡಿಯಲ್ಲಿ ಅದು ಮಾಮೂಲು.

ರೇಟು ಜಾಸ್ತಿಯೇ. ಶಿರಸಿಯಲ್ಲಿ ಕೇಳಿದಾಗೆಲ್ಲ ಸಿಗುವುದೂ ಇಲ್ಲ. ಹುಬ್ಬಳ್ಳಿಗೆ ಹೋದಾಗ ಆಯಿಲ್ ಫಿಲ್ಟರ್ ಸಮೇತ ತಂದಿಟ್ಟುಕೊಳ್ಳುತ್ತೇನೆ.